ಓದುಗರ ಪ್ರಶ್ನೆ: ಮಗುವಿನ ಹೆಸರಿಗೆ ಅರ್ಥ ಹುಡುಕುವಾಗ

ಪ್ರಶ್ನೆ: ನಮಗೆ ಗಂಡುಮಗು ಹುಟ್ಟಿ ಹದಿನೈದು ದಿನವಾಯಿತು. ಅರ್ಥವುಳ್ಳ ಹೆಸರನ್ನೇ ಇಡಬೇಕೆಂದು ಅಂತರ್ಜಾಲದ ಪಟ್ಟಿಗಳನ್ನೆಲ್ಲ ನೋಡಿ ‘ಆರವ್’ ಎಂಬುದನ್ನು ಆರಿಸಿಕೊಂಡೆವು. ‘ಶಾಂತ ಸ್ವಭಾವದವನು’ ಎಂದು ಅದಕ್ಕೆ ಅರ್ಥ ಕೊಟ್ಟಿದ್ದರು. ಸಂಸ್ಕೃತ ಬಲ್ಲ ನಮ್ಮ ಸೋದರಮಾವ ಅದನ್ನು ಕೇಳಿ ನಕ್ಕರೇ ಹೊರತು ಕಾರಣ ಹೇಳಲಿಲ್ಲ. ಹೆಸರಿನ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಮಾವನವರು ನಕ್ಕದ್ದಕ್ಕೆ ಕಾರಣವಿದೆ. ಸಂಸ್ಕೃತದಲ್ಲಿ ‘ರು’ ಎಂಬ ಧಾತುವಿಗೆ ಸದ್ದು ಮಾಡು ಎಂದು ಅರ್ಥ. ‘ರವ’ ಎಂದರೆ ಧ್ವನಿ. ಹಕ್ಕಿಗಳ ‘ಕಲರವ’ ಎನ್ನುವಾಗ ನಾವು ದಿನವೂ ಬಳಸುವುದು ಇದೇ ‘ರವ’ವನ್ನು. ಅದರ ಹಿಂದೆ ‘ಆ’ ಎಂಬ ಉಪಸರ್ಗ ಸೇರಿ ‘ಆರವ’ವಾದಾಗ ಕೂಗು, ಗದ್ದಲ ಎಂಬ ಅರ್ಥ ಬರುತ್ತದೆ. ಪಟ್ಟಿ ಮಾಡಿದವರು ಪ್ರಾಯಶಃ ದೀರ್ಘವಾದ ‘ಆ’ವನ್ನು ‘ಇಲ್ಲ’ ಎಂಬರ್ಥದ ಹ್ರಸ್ವ ‘ಅ’ ಎಂದು ತಿಳಿದಿರಬೇಕು. ‘ಅರವ’ ಎಂದಿದ್ದರೆ ಸದ್ದಿಲ್ಲದವನು ಎಂದಾಗುತ್ತಿತ್ತು. ಆದರೂ ಹದಿನೈದು ದಿನದ ಮಗುವಿಗೆ ಪಟ್ಟಿಯ ಅರ್ಥಕ್ಕಿಂತ ನಿಘಂಟಿನ ಅರ್ಥವೇ ಹೆಚ್ಚು ಒಪ್ಪುತ್ತದೆ ಎಂಬುದನ್ನು ನೀವು ಇಷ್ಟರಲ್ಲೇ ಕಂಡುಕೊಂಡಿರುತ್ತೀರಿ. ಹೆಸರು ನಿಮಗೆ ಇಷ್ಟವಾಗಿದ್ದರೆ ಅದನ್ನೇ ಇಡಿ, ಆದರೆ ‘ದನಿಯುಳ್ಳವನು’ ಎಂದು ತಿಳಿದು ಇಡಿ.

ಖಚಿತಪಡಿಸಿಕೊಳ್ಳಲು ಪಟ್ಟಿಗಳನ್ನು ಬಿಟ್ಟು ನಿಘಂಟುಗಳಿಗೆ ಹೋಗಬೇಕು. ಹತ್ತು ಪಟ್ಟಿಗಳಲ್ಲಿ ಒಂದೇ ಅರ್ಥ ಕಂಡಿತೆಂದು ನಂಬುವಂತಿಲ್ಲ, ಏಕೆಂದರೆ ಅವು ಹೆಚ್ಚಾಗಿ ಒಂದನ್ನೊಂದು ನೋಡಿ ಬರೆದುಕೊಂಡವು. ಮೂಲ ತಿಳಿಯದ ಹೆಸರಿಗೆಲ್ಲ ‘ಲಕ್ಷ್ಮಿ’ ಎಂದೋ ‘ವಿಷ್ಣು’ ಎಂದೋ ಬರೆದು ಮುಂದೆ ಹೋಗುವ ಅಭ್ಯಾಸವೂ ಅವುಗಳಿಗಿದೆ. ಸಂಸ್ಕೃತದ ಪದವಾದರೆ 1899ರಲ್ಲಿ ಪರಿಷ್ಕೃತವಾಗಿ ಬಂದ ಮೋನಿಯರ್ ವಿಲಿಯಮ್ಸ್ ಅವರ ನಿಘಂಟನ್ನೂ, ಕನ್ನಡದ್ದಾದರೆ 1894ರ ಕಿಟೆಲ್ ನಿಘಂಟನ್ನೋ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೋ ನೋಡಬಹುದು. ಪದ ಇದ್ದ ಹಾಗೆಯೇ ಸಿಗದಿದ್ದರೆ ಅದನ್ನು ಬಿಡಿಸಿ ನೋಡಿ. ‘ನಿಶಾಂತ’ ಎಂಬುದನ್ನು ಕೇಳಿದ ಕೂಡಲೇ ‘ಶಾಂತ’ ಎಂಬ ಪದ ಕಿವಿಗೆ ಬೀಳುತ್ತದೆ. ಬಿಡಿಸಿದರೆ ಅದು ನಿಶಾ ಮತ್ತು ಅಂತ, ಎಂದರೆ ಇರುಳು ಮುಗಿಯುವ ಹೊತ್ತು. ನನ್ನ ಮಟ್ಟಿಗೆ ಇದು ‘ಶಾಂತ’ಕ್ಕಿಂತ ಚೆಲುವಾದ ಅರ್ಥ.

ಬಿಡಿಸುವಾಗ ಹ್ರಸ್ವ ದೀರ್ಘಗಳನ್ನೂ ಒತ್ತಕ್ಷರಗಳನ್ನೂ ಅಲಕ್ಷಿಸಬಾರದು. ‘ಸುರ’ ಎಂದರೆ ದೇವತೆ, ‘ಸುರಾ’ ಎಂದರೆ ಹೆಂಡ. ‘ಅನಲ’ ಬೆಂಕಿ, ‘ಅನಿಲ’ ಗಾಳಿ. (ಪಾಪ, ‘ಅನಿಲ’ನಿಗೆ ಈಚಿನ ಕನ್ನಡದಲ್ಲಿ ಸಿಲಿಂಡರಿನ ನೆನಪೂ ಅಂಟಿಕೊಂಡಿದೆ.) ಒಂದೇ ಪದ ಎರಡು ಭಾಷೆಗಳಲ್ಲಿ ಎರಡು ದಿಕ್ಕಿಗೆ ಎಳೆಯುವುದೂ ಉಂಟು: ಕನ್ನಡದ ‘ಕಲಿ’ ಶೂರ, ಸಂಸ್ಕೃತದ ‘ಕಲಿ’ ಜಗಳ ಮತ್ತು ಕೆಟ್ಟ ಯುಗ.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ತುಸು ವಿರುದ್ಧವಾದ ಒಂದು ಮಾತನ್ನೂ ಹೇಳಬೇಕು. ನಿಘಂಟಿನ ಅರ್ಥ ಸರಿಯಾಗಿರಬೇಕು, ನಿಜ. ಆದರೆ ಹೆಸರಿನ ಅರ್ಥ ಅಲ್ಲಿಗೇ ಮುಗಿಯುವುದಿಲ್ಲ. ‘ಅಪರ್ಣಾ’ ಎಂದರೆ ಅಕ್ಷರಶಃ ಎಲೆಯಿಲ್ಲದವಳು. ಬೋಳುಮರದ ಚಿತ್ರ ಕಣ್ಣಿಗೆ ಬರಬೇಕಾದ ಈ ಪದ ಹೆಸರಾಗಿ ನಿಂತದ್ದು, ತಪಸ್ಸಿಗೆ ಕುಳಿತ ಪಾರ್ವತಿ ತಾನಾಗಿ ಉದುರಿದ ಎಲೆಯನ್ನೂ ತಿನ್ನದೆ ಬಿಟ್ಟಳು ಎಂಬ ಕಥೆಯ ಬಲದಿಂದ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಈ ಹೆಸರಿಗೆ ಇದೇ ಕಾರಣವನ್ನು ಕೊಟ್ಟಿದೆ. ‘ಅನಿಕೇತ’ ಎಂದರೆ ಮನೆಯಿಲ್ಲದವನು. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಅದು ಯಾವುದಕ್ಕೂ ಅಂಟಿಕೊಳ್ಳದ ಭಕ್ತನ ಲಕ್ಷಣ; ಕುವೆಂಪು ಅವರ ಕಾವ್ಯವನ್ನು ಕೇಳಿ ಬೆಳೆದ ಕನ್ನಡಿಗರ ಕಿವಿಗಂತೂ ‘ಅನಿಕೇತನ’ ಎಂಬಲ್ಲಿ ಮನೆಯಿಲ್ಲದ ಕೊರತೆ ಕೇಳಿಸುವುದೇ ಇಲ್ಲ, ಎಲ್ಲೆಯಿಲ್ಲದ ಬಯಲೇ ಕೇಳಿಸುತ್ತದೆ. ಹೀಗೆ ಬೆನ್ನಿಗೊಂದು ಕಥೆಯೋ ಕಾವ್ಯವೋ ಇರುವ ಪದ, ನಿಘಂಟಿನಲ್ಲಿ ಒರಟಾಗಿ ಕಂಡರೂ, ಹೆಸರಾಗಿ ಚೆನ್ನಾಗಿ ಬಾಳುತ್ತದೆ. ಅಂಥ ಆಸರೆ ಇಲ್ಲದಿದ್ದಾಗ ಮಾತ್ರ ನಿಘಂಟಿಗೆ ಶರಣಾಗಬೇಕು. ಕಿವಿಗೆ ಇಂಪಾದ ‘ಅನಾಮಿಕಾ’ಳಿಗೆ ಹೆಸರಿಲ್ಲದವಳು ಎಂದೂ ಉಂಗುರದ ಬೆರಳು ಎಂದೂ ಅರ್ಥ, ಹೆಸರು ಹುಡುಕಲು ಹೊರಟವರು ‘ಹೆಸರಿಲ್ಲ’ ಎಂಬುದನ್ನೇ ಹಿಡಿದು ಮನೆಗೆ ಬಂದಂತಾಗುತ್ತದೆ.

ಪ್ರಶ್ನೆ: ನನ್ನ ಮನೆಮಾತು ಕನ್ನಡ, ನನ್ನ ಪತಿಯದು ಬೇರೆ. ಮಗಳಿಗೆ ಅಚ್ಚಗನ್ನಡದ ಹೆಸರಿಡಬೇಕೆಂಬುದು ನನ್ನ ಆಸೆ. ಅವರ ಮನೆಯವರ ನಾಲಿಗೆಗೂ ಅದು ಒಗ್ಗಬೇಕು. ದಾರಿ ಏನು?

ಉತ್ತರ: ಅಚ್ಚಗನ್ನಡದ ಪದಗಳಲ್ಲಿ ಹೆಸರಿಗೆ ಒಪ್ಪುವವು ನಾವು ಎಣಿಸಿರುವುದಕ್ಕಿಂತ ಹೆಚ್ಚಿವೆ. ಇನಿದಾದ ದನಿ ಎಂಬ ಅರ್ಥದ ‘ಇಂಚರ’, ‘ಇಬ್ಬನಿ’, ‘ಒಲವು’, ‘ನಲಿವು’, ಗಂಡುಮಗುವಾದರೆ ‘ನೇಸರ’, ಇವೆಲ್ಲ ಯಾರೂ ಅರ್ಥ ಕೇಳಬೇಕಾಗಿಲ್ಲದ ಪದಗಳು. ‘ಸಿರಿ’ ಸಂಸ್ಕೃತದ ‘ಶ್ರೀ’ಯಿಂದಲೇ ಬಂದ ತದ್ಭವವಾದರೂ ಪೂರ್ತಿ ಕನ್ನಡದ್ದಾಗಿ ಹೋಗಿದೆ. ಬೇರೆ ಭಾಷೆಯವರಿಗೆ ಸಾಮಾನ್ಯವಾಗಿ ತೊಡಕಾಗುವುದು ‘ಳ’, ‘ಣ’ ಮತ್ತು ಮಹಾಪ್ರಾಣಗಳು; ಈ ಪದಗಳಲ್ಲಿ ಅವು ಇಲ್ಲ.

ಎರಡು ಪರೀಕ್ಷೆಗಳನ್ನು ಮಾಡಿ ನೋಡಿ. ಮೊದಲನೆಯದು ವಿಭಕ್ತಿಯದು. ‘ಇಂಚರಳಿಗೆ ಹಾಲು ಕೊಡು’, ‘ಸಿರಿಯ ಅಂಗಿ ಎಲ್ಲಿ’ ಎಂದು ಬಾಯಿಬಿಟ್ಟು ಹೇಳಿ. ಸ್ವರದಲ್ಲಿ ಮುಗಿಯುವ ಹೆಸರು ಕನ್ನಡದ ವಾಕ್ಯದೊಳಗೆ ಸಲೀಸಾಗಿ ಸೇರಿಕೊಳ್ಳುತ್ತದೆ. ‘ಅರುಣ’ನಿದ್ದಾಗ ‘ಅರುಣನಿಗೆ’, ‘ಅರುಣನೊಡನೆ’ ಎಂಬ ರೂಪಗಳು ತಾವಾಗಿ ಬರುತ್ತವೆ. ಅವನೇ ‘ಅರುಣ್’ ಆದರೆ ‘ಅರುಣ್‌ಗೆ’, ‘ಅರುಣ್ ಜೊತೆ’ ಎಂದು ಹೊರಗೇ ನಿಲ್ಲುತ್ತಾನೆ. ಎರಡನೆಯದು ಕೂಗುವುದು. ಪಕ್ಕದ ಕೋಣೆಯಲ್ಲಿ ಆಡುತ್ತಿರುವ ಮಗುವನ್ನು ಕರೆಯುವಾಗ ನಾವು ಕೊನೆಯ ಸ್ವರವನ್ನು ಎಳೆಯುತ್ತೇವೆ: ‘ಇಂಚರಾ’, ‘ಸಿರೀ’. ಎಳೆಯಲು ಸ್ವರವೇ ಇಲ್ಲದ ಕಡೆ ಮನೆಯವರು ತಾವಾಗಿಯೇ ಒಂದು ‘ಉ’ವನ್ನು ಸೇರಿಸಿಕೊಳ್ಳುತ್ತಾರೆ, ನೀವು ಆರಿಸಿದ ಹೆಸರು ಒಂದು ವಾರದಲ್ಲಿ ಬೇರೆಯೇ ಆಗಿರುತ್ತದೆ. ಈ ಎರಡನ್ನೂ ನಿಮ್ಮ ಪತಿಯವರು ಅವರ ಭಾಷೆಯಲ್ಲಿಯೂ ಮಾಡಿ ನೋಡಲಿ.

ಪದ ಒಪ್ಪಿಗೆಯಾಗದಿದ್ದರೆ ಅರ್ಥವನ್ನು ಒಪ್ಪಿಕೊಂಡು ಪದವನ್ನು ಆಮೇಲೆ ಹುಡುಕಬಹುದು. ದೇವರು ಕೊಟ್ಟದ್ದು ಎಂಬ ಒಂದೇ ಭಾವ ಸಂಸ್ಕೃತದಲ್ಲಿ ‘ದೇವದತ್ತ’, ಗ್ರೀಕ್ ಮೂಲದಲ್ಲಿ ‘ಥಿಯೋಡೋರ್’, ಹೀಬ್ರೂ ಮೂಲದಲ್ಲಿ ‘ನಥಾನಿಯೇಲ್’, ಅರಬ್ಬಿಯಲ್ಲಿ ‘ಅತಾವುಲ್ಲಾ’, ಸ್ಲಾವ್ ಭಾಷೆಗಳಲ್ಲಿ ‘ಬೊಗ್ದಾನ್’ ಆಗಿದೆ. ಎರಡೂ ಕಡೆ ಹೊಂದುವ ಸದ್ದನ್ನು ಹಿಡಿಯುವುದಾದರೆ ಆ ಸದ್ದಿಗೆ ಇನ್ನೊಂದು ಕಡೆ ಏನರ್ಥವೆಂದು ಕೇಳಿಕೊಳ್ಳಬೇಕು: ಅರಬ್ಬಿಯಲ್ಲಿ ಬೆಳಕಾದ ‘ನೂರ್’ ನಮ್ಮ ಕಿವಿಗೆ ನೂರರ ಎಣಿಕೆಯಂತೆ ಕೇಳಿಸುತ್ತದೆ, ನಮ್ಮ ಆಟದ ‘ಲೀಲಾ’ಳನ್ನು ಅರಬ್ಬಿ ಬಲ್ಲವರು ಇರುಳೆಂಬ ಅರ್ಥದ ‘ಲೈಲಾ’ ಎಂದುಕೊಂಡಾರು. ಇವೆರಡೂ ಕೆಡುಕಿನ ಅರ್ಥಗಳಲ್ಲ. ಆದರೆ ಎಲ್ಲ ಜೋಡಿಗಳೂ ಇಷ್ಟು ಸಾಧುವಾಗಿರುವುದಿಲ್ಲ.

ಪ್ರಶ್ನೆ: ಮಗಳಿಗೆ ಮುತ್ತಜ್ಜಿಯ ಹೆಸರಾದ ‘ಹೊನ್ನಮ್ಮ’ ಎಂದೇ ಇಡಬೇಕೆಂದು ನಮ್ಮ ಅತ್ತೆಯವರ ಹಟ. ಶಾಲೆಯಲ್ಲಿ ಮಕ್ಕಳು ನಕ್ಕಾರು ಎಂದು ನನಗೆ ಅಂಜಿಕೆ.

ಉತ್ತರ: ನಿಮ್ಮ ಅತ್ತೆಯವರಿಗೆ ಬೇಕಾದದ್ದು ಆ ಸದ್ದೋ, ಆ ಅರ್ಥವೋ, ಅಥವಾ ಮುತ್ತಜ್ಜಿಯ ನೆನಪೋ ಎಂಬುದನ್ನು ಮೊದಲು ಅವರನ್ನೇ ಕೇಳಿ. ಅರ್ಥ ಉಳಿದರೆ ಸಾಕೆಂದರೆ ‘ಸುವರ್ಣಾ’, ‘ಹೇಮಾ’, ‘ಕನಕಾ’ ಎಲ್ಲವೂ ಹೊನ್ನೇ. (‘ಕನಕ’ಕ್ಕೆ ಉಮ್ಮತ್ತಿ ಗಿಡವೆಂಬ ಅರ್ಥವೂ ನಿಘಂಟಿನಲ್ಲಿದೆ; ಯಾರಾದರೂ ಕುಹಕಿಗಳು ಹೇಳುವ ಮುನ್ನ ನಾನೇ ಹೇಳಿಬಿಡುತ್ತೇನೆ.) ಸದ್ದೇ ಬೇಕೆಂದರೆ ‘ಅಮ್ಮ’ನನ್ನು ಬಿಟ್ಟು ‘ಹೊನ್ನು’ ಎಂದಿಡಬಹುದು. ಹೆಸರು ಪೂರ್ತಿಯಾಗಿ ಇರಲೇಬೇಕೆಂದರೆ ಇಟ್ಟುಬಿಡಿ. ಮಕ್ಕಳು ನಗುವುದು ಹಳೆಯ ಹೆಸರಿಗಷ್ಟೇ ಅಲ್ಲ, ಹೊಸ ಹೆಸರಿಗೂ ಪ್ರಾಸ ಕಟ್ಟುತ್ತಾರೆ.

ಪ್ರಶ್ನೆ: ಹೆಸರು ‘ರಮಾ’ ಎಂದು ಗೊತ್ತಾಗಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಅದೃಷ್ಟಕ್ಕಾಗಿ ಎರಡು ‘ಎ’ ಹೆಚ್ಚಾಗಿ ಸೇರಿಸಬೇಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಸೇರಿಸಬಹುದೇ?

ಉತ್ತರ: ಆ ಲಿಪಿಯಲ್ಲಿ ‘ರಮಾ’ಳೂ ‘ರಾಮ’ನೂ ಈಗಲೇ ಒಂದೇ ಥರ ಕಾಣುತ್ತಾರೆ. ಉಚ್ಚಾರ ಸ್ಪಷ್ಟವಾಗಲೆಂದು ಕೊನೆಯಲ್ಲಿ ಒಂದು ‘ಎ’ ಹೆಚ್ಚಿಗೆ ಬರೆದರೆ ಅದಕ್ಕೊಂದು ಅರ್ಥವಿದೆ. ಅದೃಷ್ಟಕ್ಕೆಂದು ಎರಡನ್ನು ಸೇರಿಸಿದರೆ, ನಿಮ್ಮ ಮಗಳು ಯಾವ ಕಚೇರಿಯ ಕಿಟಕಿಯ ಮುಂದೆ ನಿಂತರೂ ‘ಕೊನೆಗೆ ಮೂರು ಎ ಬರೆಯಿರಿ’ ಎಂದು ಹೇಳಿ, ಬರೆದದ್ದನ್ನು ಬಗ್ಗಿ ನೋಡಿ, ಇನ್ನೊಮ್ಮೆ ತಿದ್ದಿಸಬೇಕಾಗುತ್ತದೆ.