ಹಿಂದೆ ಸರಿಯುವುದರಲ್ಲೇ ಮಜಾ ಇರುವ ಯುದ್ಧದ ಆಟ

ಮಾಂತ್ರಿಕರು, ಎಲ್ಫ್‌ಗಳು (ಯಕ್ಷರಂಥವರು), ಆರ್ಕ್‌ಗಳು (ರಕ್ಕಸರಂಥವರು) ಹೊಡೆದಾಡುವ, ಯೋಚಿಸಿ ಪಡೆ ನಡೆಸುವ ಸ್ಟ್ರಾಟಜಿ ಗೇಮ್‌ಗಳನ್ನು ಮಂದಿ ಗಂಟೆಗಟ್ಟಲೆ ಆಡುತ್ತಾರಲ್ಲ, ಅದರಲ್ಲಿ ಅಂಥದ್ದೇನಿದೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುವಂಥದ್ದು ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ನಾನು ಒಂದೇ ಒಂದು ಹೆಸರು ಹೇಳುತ್ತೇನೆ: ಬ್ಯಾಟಲ್ ಫಾರ್ ವೆಸ್ನಾಥ್. 2003ರಲ್ಲಿ ಡೇವಿಡ್ ವೈಟ್ ಅನ್ನುವವರು ಶುರು ಮಾಡಿದ್ದು, ಆಮೇಲೆ ಎಷ್ಟೋ ದೇಶದವರು ಸೇರಿ ಬೆಳೆಸಿದ್ದಾರೆ. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಿ ತಿದ್ದಬಹುದು. ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ.

ಇದು ಸರದಿಯ ಆಟ. ನಿಮ್ಮ ಪಡೆಯನ್ನೆಲ್ಲ ನಡೆಸಿ ಮುಗಿಸುವವರೆಗೆ ಎದುರಾಳಿ ಕಾಯುತ್ತಾನೆ. ನಡುವೆ ಚಹಾ ಕುಡಿದು ಬಂದರೂ ನಡೆಯುತ್ತದೆ. ನಕ್ಷೆ ತುಂಬ ಆರು ಮೂಲೆಯ ಮನೆಗಳು: ಕಾಡು, ಗುಡ್ಡ, ಹೊಳೆ, ಊರು. ಊರು ಹಿಡಿದರೆ ಬಂಗಾರ ಬರುತ್ತದೆ. ಗಾಯ ಆದವನನ್ನು ಅಲ್ಲಿ ನಿಲ್ಲಿಸಿದರೆ ಪ್ರತಿ ಸುತ್ತಿನಲ್ಲೂ ಜೀವದ 8 ಅಂಕದಷ್ಟು ಚೇತರಿಸಿಕೊಳ್ಳುತ್ತಾನೆ. ಇಷ್ಟೇ ಆಗಿದ್ದರೆ ಚದುರಂಗಕ್ಕೆ ಬಣ್ಣ ಹಚ್ಚಿದ್ದಾರೆ ಅಂದು ಸುಮ್ನೆ ಬಿಡಬಹುದಿತ್ತು. ಆದರೆ ಇಲ್ಲಿ ಹೊತ್ತು ಮುಳುಗುತ್ತದೆ.

ಪ್ರತಿ ಸುತ್ತಿಗೂ ಹೊತ್ತು ಬದಲಾಗುತ್ತದೆ. ನಸುಕು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಆಮೇಲೆ ಎರಡು ಸುತ್ತು ರಾತ್ರಿ. ಮನುಷ್ಯರ ಸೈನಿಕರಲ್ಲಿ ಹೆಚ್ಚಿನವರ ಏಟಿಗೆ ಹಗಲಲ್ಲಿ ನೂರಕ್ಕೆ 25 ಜಾಸ್ತಿ ಬಲ, ರಾತ್ರಿ ಅಷ್ಟೇ ಕಮ್ಮಿ. ಆರ್ಕ್‌ಗಳಿಗೆ ಪೂರ್ತಿ ಉಲ್ಟಾ. ನಮ್ಮ ಭರ್ಜಿಯವನು ಮೂರು ಸಲ ತಿವಿಯುತ್ತಾನೆ, ತಾಗಿದರೆ ಸಲಕ್ಕೆ ಎದುರಿನವನ ಜೀವದ 7 ಅಂಕ ಹೋಗುತ್ತದೆ. ಮಧ್ಯಾಹ್ನ ಅದು 9, ರಾತ್ರಿ 5. ಎದುರಿನ ಸಾಮಾನ್ಯ ಆರ್ಕ್ ಎರಡು ಸಲ ಕತ್ತಿ ಬೀಸುತ್ತಾನೆ, ಸಲಕ್ಕೆ 9. ಹಗಲು ಅದು 7, ರಾತ್ರಿ 11. ಎಲ್ಲ ಏಟೂ ತಾಗಿದವು ಅಂದುಕೊಳ್ಳಿ. ಮಧ್ಯಾಹ್ನ ನಮ್ಮವನು 27 ಕೊಟ್ಟು 14 ತಿನ್ನುತ್ತಾನೆ. ರಾತ್ರಿ 15 ಕೊಟ್ಟು 22 ತಿನ್ನುತ್ತಾನೆ. ಅದೇ ಇಬ್ಬರು, ಅದೇ ಜಾಗ!

ಹಾಗಾಗಿ ಸಂಜೆ ಆಯಿತು ಅಂದರೆ ಗೆಲ್ಲುತ್ತಿರುವವನೂ ಹಿಂದೆ ಸರಿಯಬೇಕು. ನನಗೆ ಈ ಗೇಮ್ ಹಿಡಿಸಿದ್ದೇ ಇದಕ್ಕೆ. ಸುಮ್ನೆ ಓಡಿಹೋಗುವುದಲ್ಲ, ಜಾಗ ನೋಡಿ ಸರಿಯಬೇಕು. ಬಯಲಲ್ಲಿ ನಿಂತ ಆರ್ಕ್‌ಗೆ ಏಟು ತಾಗುವ ಸಾಧ್ಯತೆ ನೂರಕ್ಕೆ 60, ಮೊಣಕಾಲುದ್ದದ ನೀರಿಗೆ ಇಳಿದರೆ 80. ಹೊಳೆಯ ಈಚೆ ದಂಡೆಗೆ ಬಂದು, ದಂಡೆಯ ಊರಿನಲ್ಲಿ ಒಬ್ಬ ಗಟ್ಟಿ ಆಳನ್ನು ನಿಲ್ಲಿಸಿ ರಾತ್ರಿ ಕಳೆಯಿರಿ. ಕಂಪ್ಯೂಟರಿಗೆ ತಾಳ್ಮೆ ಕಮ್ಮಿ. ಮೈಮೇಲೆ ಬರುತ್ತಲೇ ಇರುತ್ತದೆ. ಬೆಳಕು ಹರಿಯುವಾಗ ಅದರ ಅರ್ಧ ಪಡೆ ಇನ್ನೂ ನೀರಲ್ಲೇ ಇರುತ್ತದೆ.

ನನ್ನದು ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ. ನಮ್ಮ ತಾಲೂಕಿನ ತಂಗಡಗಿ ಕೃಷ್ಣೆಯ ದಂಡೆಯಲ್ಲೇ ಇದೆ. 1565ರ ರಕ್ಕಸ-ತಂಗಡಿ ಯುದ್ಧ ನಿಮಗೆ ಗೊತ್ತಿದ್ದದ್ದೇ. ಇತಿಹಾಸಕಾರ ಫಿರಿಸ್ತಾ ಬರೆದ ಪ್ರಕಾರ, ಹೊಳೆ ದಾಟುವ ಜಾಗವನ್ನು ವಿಜಯನಗರದವರು ಬಿಗಿಯಾಗಿ ಕಾಯುತ್ತಿದ್ದರು. ಸುಲ್ತಾನರ ಪಡೆ ಬೇರೆಲ್ಲೋ ದಾಟುವವರ ಹಾಗೆ ದಂಡೆ ಹಿಡಿದು ನಡೆಯಿತು. ಆಚೆ ದಂಡೆಯವರೂ ಜೊತೆಗೇ ಹೊರಟರು. ಇವರು ತಟ್ಟನೆ ತಿರುಗಿ ಬಂದು, ಕಾವಲು ತಪ್ಪಿದ ಮೊದಲಿನ ಜಾಗದಲ್ಲೇ ದಾಟಿಬಿಟ್ಟರು. ವೆಸ್ನಾಥ್ ಆಡಿದ ಮೇಲೆ ಈ ಕಥೆ ಓದಿದರೆ ಬೇರೆಯದೇ ರುಚಿ. ಕಂಪ್ಯೂಟರ್ ಇಷ್ಟು ಜಾಣತನ ತೋರಿಸುವುದಿಲ್ಲ ಬಿಡಿ. ಆದರೆ ಒಂದೇ ಕಂಪ್ಯೂಟರ್ ಮುಂದೆ ಇಬ್ಬರು ಕೂತು ಆಡುವ ವ್ಯವಸ್ಥೆಯೂ ಇದೆ, ಆಗ ನಮ್ಮ ಅಣ್ಣನ ಮಗ ಸುಲ್ತಾನರ ಇದೇ ಉಪಾಯ ಹೂಡುತ್ತಾನೆ. ಕುದುರೆಯವರನ್ನು ಮೇಲಿನ ದಂಡೆಗೆ ಓಡಿಸಿ ನಾನು ಅತ್ತ ತಿರುಗುವುದನ್ನೇ ಕಾಯುತ್ತಾನೆ. ನಾನು ಪಡೆ ಹಿಂದೆ ತೆಗೆದರೆ ಸಾಕು, "ಕಾಕಾ, ಅಂಜಿ ಓಡಾಕತ್ತಿ ಏನ?" ಅಂತ ಶುರು.

ಸಿಟ್ಟು ಬರುವ ವಿಷಯವೂ ಇದೆ. ಎಲ್ಲ ಏಟಿಗೂ ಅದೃಷ್ಟದ ಲೆಕ್ಕ. ಮಂತ್ರವಾದಿಯ ಬೆಂಕಿ ನೂರಕ್ಕೆ 70 ಸಲ ತಾಗುತ್ತದೆ, ಎದುರಿನವನು ಎಲ್ಲಿ ನಿಂತಿದ್ದರೂ. ಅಂಥವನ ಮೂರೂ ಏಟು ಗುರಿ ತಪ್ಪುವುದು ನೂರಕ್ಕೆ ಮೂರು ಸಲವೂ ಇಲ್ಲ. ಆದರೂ ಬೇಕಾದ ಹೊತ್ತಿಗೇ ತಪ್ಪುತ್ತದೆ! ಇದೇ ಕಾರಣಕ್ಕೆ ಗೇಮ್ ಬಿಟ್ಟವರೂ ಇದ್ದಾರೆ. ನಾನು ಬೈದುಕೊಂಡೇ ಆಡುತ್ತೇನೆ. ಗೆಲುವು ಗ್ಯಾರಂಟಿ ಅಂತ ಗೊತ್ತಿದ್ದರೆ ಲೆಕ್ಕ ಹಾಕುವ ಕೆಲಸವೇ ಉಳಿಯುವುದಿಲ್ಲ, ಅಲ್ವಾ?

ಇನ್ನೊಂದು, ನೀವು ಸೇರಿಸಿಕೊಂಡ ಸೈನಿಕನಿಗೆ ಗೇಮೇ ಒಂದು ಹೆಸರು ಇಡುತ್ತದೆ. ಹೋರಾಡಿದಷ್ಟೂ ಅವನ ಅನುಭವ ಬೆಳೆದು ಮೇಲಿನ ದರ್ಜೆಗೆ ಹೋಗುತ್ತಾನೆ. ಗೇಮ್‌ನಲ್ಲಿ ಯುದ್ಧಗಳು ಒಂದು ಕಥೆಯಾಗಿ ಸಾಲಾಗಿ ಬರುತ್ತವೆ. ಕಥೆಯ ಮುಂದಿನ ಯುದ್ಧಕ್ಕೆ 20 ಬಂಗಾರ ಕೊಟ್ಟು ಅವನನ್ನೇ ಕರೆಸಿಕೊಳ್ಳಬಹುದು. ನಾಲ್ಕು ಯುದ್ಧ ಜೊತೆಗಿದ್ದವನು ಸತ್ತರೆ ಆವತ್ತು ಊಟ ಸೇರುವುದಿಲ್ಲ, ನಗಬೇಡಿ.

ಮೊದಲು ಆಟ ಕಲಿಸುವ ಟ್ಯುಟೋರಿಯಲ್ ಮುಗಿಸಿ, ಆಮೇಲೆ "ದಿ ಸೌತ್ ಗಾರ್ಡ್" ಅನ್ನುವ ಕಥೆ ತೆಗೆಯಿರಿ, ಹೊಸಬರಿಗೆಂದೇ ಮಾಡಿದ್ದು. ನಾಯಕನನ್ನು ಹುಮ್ಮಸ್ಸಿನಲ್ಲಿ ಮುಂದಿನ ಸಾಲಿಗೆ ಕಳಿಸಬೇಡಿ. ಅವನೊಬ್ಬ ಸತ್ತರೆ ಉಳಿದ ಪಡೆ ಎಷ್ಟೇ ದೊಡ್ಡದಿರಲಿ, ಆ ಯುದ್ಧವನ್ನು ಮತ್ತೆ ಆಡಬೇಕಾಗುತ್ತದೆ.