ಕಾರಿನ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮನೆಯಲ್ಲೇ ಮಾಡಬಹುದೇ?

ತೀರ್ಥಹಳ್ಳಿ ಕಡೆಯ ರಸ್ತೆಯಲ್ಲಿ ಓಡಿ ಮುಂದಿನ ಟೈರಿನ ಅಂಚು ಸವೆಯುತ್ತಿದೆ, ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು ಎಂದು ಕೇಳಿದ್ದೀರಿ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಮನೆಯಲ್ಲಿ ಆಗುತ್ತದೆ. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್‌ಗೆ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು) ಸಾಮಾನ್ಯವಾಗಿ ಯಂತ್ರವೇ ಬೇಕು. ಟೈರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಎಂಡ್, ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು) ಸಡಿಲವಿದ್ದರೆ ಮೊದಲು ಬದಲಿಸಿ, ಇಲ್ಲದಿದ್ದರೆ ಅಳತೆಯೇ ಸುಳ್ಳು. ಎರಡೂ ಟೈರಿಗೆ ಸಮ ಗಾಳಿ ಹಾಕಿ.

ನಮ್ಮಲ್ಲಿ ಸಮತಟ್ಟು ಜಾಗವೇ ಕಷ್ಟ. ಅಡಿಕೆ ಒಣಹಾಕುವ ಸಿಮೆಂಟ್ ಅಂಗಳ ಸಾಕು. ಸ್ಟೀರಿಂಗ್ ನೇರವಿಟ್ಟು, ಎರಡೂ ಟೈರುಗಳ ಹಿಂಬದಿಯಲ್ಲಿ, ಆಕ್ಸಲ್ ಎತ್ತರಕ್ಕೆ ಚಾಕ್‌ಪೀಸಿನ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಕಾರನ್ನು ಮುಂದಕ್ಕೆ ತಳ್ಳಿ, ಅದೇ ಗುರುತು ಅರ್ಧ ಸುತ್ತಿ ಮುಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಹಿಂದಕ್ಕೆ ತಳ್ಳಿದರೆ ಸಸ್ಪೆನ್ಷನ್ ಜಗ್ಗಿ ಲೆಕ್ಕ ತಪ್ಪುತ್ತದೆ. ಬಹಳಷ್ಟು ಕಾರುಗಳಲ್ಲಿ ಈ ಎರಡು ಅಳತೆಗಳ ವ್ಯತ್ಯಾಸ 0–2 ಮಿ.ಮೀ. ಇರಬೇಕು, ಮ್ಯಾನುಯಲ್ ನೋಡಿ. ಅಳತೆ ಸರಿಯಿಲ್ಲದಿದ್ದರೆ ಲಾಕ್‌ನಟ್ (ಟೈರಾಡ್ ತಿರುಗದಂತೆ ಹಿಡಿಯುವ ನಟ್) ಸಡಿಲಿಸಿ ಎರಡೂ ಟೈರಾಡನ್ನು ಸಮವಾಗಿ, ಕಾಲು ಸುತ್ತಿನಂತೆ ತಿರುಗಿಸಿ. ಒಂದನ್ನೇ ತಿರುಗಿಸಿದರೆ ಸ್ಟೀರಿಂಗ್ ವಾರೆಯಾಗುತ್ತದೆ. ಕೊನೆಗೆ ಲಾಕ್‌ನಟ್ ಬಿಗಿಮಾಡಿ ಇನ್ನೊಮ್ಮೆ ಅಳೆಯಿರಿ.