ರಷ್ಯಾಕ್ಕೆ ಹೊರಟವರು ಮೊದಲು ಅಕ್ಷರ ಕಲಿಯಿರಿ

ರಷ್ಯನ್ ಭಾಷೆ ಕಲಿಸುವವಳೆಂಬ ಕಾರಣಕ್ಕೆ ನನಗೆ ಬರುವ ಪ್ರವಾಸಿಗರ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಆ ಪ್ರಶ್ನೆಗೆ ಈ ಸಲ ಉದ್ದವಾಗಿಯೂ ಉಳಿದವಕ್ಕೆ ಚುಟುಕಾಗಿಯೂ ಉತ್ತರಿಸುತ್ತೇನೆ.

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುತ್ತಿದ್ದೇವೆ. ನಿತ್ಯಬಳಕೆಯ ಐವತ್ತು ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟರೆ ಬಾಯಿಪಾಠ ಮಾಡಿಕೊಳ್ಳುತ್ತೇವೆ. ಅಲ್ಲಿನ ಲಿಪಿ ಕಲಿಯುವಷ್ಟು ಪುರುಸೊತ್ತಿಲ್ಲ. ನಾವು ಸಸ್ಯಾಹಾರಿಗಳು.

ಉತ್ತರ: ಬರೆದುಕೊಡುವುದಿಲ್ಲ. ಬಾಯಿಪಾಠದ ವಾಕ್ಯದ ಗತಿ ಏನಾಗುತ್ತದೆಂಬುದನ್ನು ಹಲವು ಸಲ ಕಂಡಿದ್ದೇನೆ. ಮೆಟ್ರೋ ಎಲ್ಲಿದೆ ಎಂದು ನೀವು ಸ್ಪಷ್ಟವಾಗಿಯೇ ಕೇಳುತ್ತೀರಿ. ನಿಮಗೆ ಭಾಷೆ ಬರುತ್ತದೆಂದು ನಂಬಿದ ಅಜ್ಜಿಯೊಬ್ಬರು ಎಡ, ಬಲ, ಸೇತುವೆ, ಔಷಧದಂಗಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ನೀವು ತಲೆಯಾಡಿಸಿ, ನಿಂತಲ್ಲೇ ನಿಂತಿರುತ್ತೀರಿ. ಅಕ್ಷರ ಬಲ್ಲವರು ಈ ಪ್ರಶ್ನೆಯನ್ನು ಕೇಳಬೇಕಾಗಿಯೇ ಇಲ್ಲ, ಏಕೆಂದರೆ ಉತ್ತರ ಗೋಡೆಯ ಮೇಲೆ ಬರೆದಿರುತ್ತದೆ. ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಒಂದನೇ ತರಗತಿಯಲ್ಲೇ ದಾಟಿ ಬಂದವರು 33 ಅಕ್ಷರಗಳಿಗೆ ಹೆದರುವುದು ನನಗೆ ಅರ್ಥವಾಗುವುದಿಲ್ಲ. ನಾಲ್ಕು ಸಂಜೆ ಸಾಕು.

ಕಷ್ಟ ಕೊಡುವುದು ಹೊಸ ಅಕ್ಷರಗಳಲ್ಲ, ಪರಿಚಿತರ ವೇಷದಲ್ಲಿ ಬರುವವು. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಅಲ್ಲಿ ರಕಾರ, ‘ಎಚ್’ನಂತೆ ಕಾಣುವುದು ನಕಾರ, ‘ಬಿ’ಯಂತಿರುವುದು ವಕಾರ, ‘ಸಿ’ಯಂತಿರುವುದು ಯಾವಾಗಲೂ ಸಕಾರ, ‘ವೈ’ಯಂತಿರುವುದು ಉಕಾರ. ಊರ ತುಂಬ ‘ಪೆಕ್ಟೊಪಾ’ ಎಂಬ ಹೆಸರಿನ ಹೋಟೆಲುಗಳೇ ಇವೆಯಲ್ಲ ಎಂದು ಬೆರಗಾದವರೊಬ್ಬರಿಗೆ ಅದು ‘ರಿಸ್ತರಾನ್’, ಅಂದರೆ ರೆಸ್ಟೋರೆಂಟ್, ಎಂದು ನಾನೇ ತಿಳಿಸಿದ್ದೇನೆ.

ಕನ್ನಡ ಅಕ್ಷರಗಳಲ್ಲಿ ಬರೆಯಲು ಒಪ್ಪದಿರುವುದಕ್ಕೆ ಇನ್ನೂ ಒಂದು ಕಾರಣವಿದೆ. ರಷ್ಯನ್ನಿನಲ್ಲಿ ಉಚ್ಚಾರದ ಒತ್ತು ಬೀಳದ ಒಕಾರ ಅಕಾರದ ಕಡೆಗೆ ಜಾರುತ್ತದೆ. ಹೀಗಾಗಿ ‘ಮೊಸ್ಕ್ವಾ’ ಎಂದು ಬರೆದದ್ದನ್ನು ‘ಮಸ್ಕ್ವಾ’ ಎಂದೂ, ‘ಚೆನ್ನಾಗಿದೆ’ ಎಂಬರ್ಥದ ‘ಖೊರೊಶೊ’ವನ್ನು ‘ಖರಶೋ’ ಎಂದೂ ಹೇಳಬೇಕು. ‘ಇ’ ಎನ್ನುತ್ತಲೇ ನಾಲಿಗೆಯನ್ನು ಹಿಂದಕ್ಕೆಳೆದರೆ ಹುಟ್ಟುವ ಒಂದು ಸ್ವರವಂತೂ ನಮ್ಮ ವರ್ಣಮಾಲೆಯಲ್ಲೇ ಇಲ್ಲ. ಮೆಟ್ರೋದಲ್ಲಿ ‘ವ್ಖೋದ್’ ಎಂದರೆ ಒಳದಾರಿ. ಅದೇ ಪದದ ಮೊದಲ ಅಕ್ಷರಕ್ಕೆ ಈ ಸ್ವರವೊಂದನ್ನು ಸೇರಿಸಿದರೆ ಅದು ‘ವೀಖದ್’, ಅಂದರೆ ಹೊರದಾರಿ, ಆಗುತ್ತದೆ. ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾಟುವ ಹಾದಿ ‘ಪಿರಿಖೋದ್’. ಬಾಗಿಲುಗಳ ಮೇಲೆ ‘ಕ್ ಸಿಬ್ಯೆ’ ಎಂದಿದ್ದರೆ ನಿಮ್ಮ ಕಡೆಗೆ ಎಳೆಯಬೇಕು, ‘ಅತ್ ಸಿಬ್ಯಾ’ ಎಂದಿದ್ದರೆ ತಳ್ಳಬೇಕು.

ಊಟದ ವಿಷಯದಲ್ಲೂ ಓದು ಬಾಯಿಮಾತಿಗಿಂತ ಮೇಲು. ಸಸ್ಯಾಹಾರಿ ಎಂದು ಘೋಷಿಸಿಕೊಂಡವರ ಮುಂದೆ, ಮಾಂಸದ ತುಂಡುಗಳನ್ನಷ್ಟೇ ತೆಗೆದ, ಮಾಂಸದ ಸಾರಿನಲ್ಲೇ ಬೆಂದ ಬೋರ್ಷ್ ಎಂಬ ಬೀಟ್‌ರೂಟ್ ಸೂಪು ಬಂದು ಕೂರುವುದುಂಟು, ಮತ್ತು ತಂದಿಟ್ಟವರ ಮನಸ್ಸಿನಲ್ಲಿ ಯಾವ ಕಪಟವೂ ಇರುವುದಿಲ್ಲ. ಅವರಿಗೆ ಸರಿಯಾಗಿ ಅರ್ಥವಾಗುವ ಪದವೆಂದರೆ ‘ಪೋಸ್ತ್’, ಅಂದರೆ ಚರ್ಚಿನ ವ್ರತ. ಈಸ್ಟರ್‌ಗೆ ಮುಂಚಿನ ಏಳು ವಾರಗಳಲ್ಲಿ ಅನೇಕ ಹೋಟೆಲುಗಳು ‘ಪೋಸ್ತ್ನಯೆ’ ಎಂಬ ತಲೆಬರಹದಡಿ ಮಾಂಸ, ಹಾಲು, ಮೊಟ್ಟೆ ಯಾವುದೂ ಸೇರದ ಅಡುಗೆಯ ಪಟ್ಟಿಯನ್ನೇ ಇಡುತ್ತವೆ. ಅದರೊಳಗೂ ಸೀಗಡಿಯಂಥವು ನುಸುಳಬಹುದಾದ್ದರಿಂದ ಕೇಳಿಯೇ ತಿನ್ನಿ. ಉಳಿದ ಕಾಲದಲ್ಲಿ ‘ಗ್ರೇಚ್ಕ’ ಎಂಬ ಧಾನ್ಯದ ಗಂಜಿಯೂ ಆಲೂಗಡ್ಡೆ ತುಂಬಿದ ‘ವರೇನಿಕಿ’ ಕಡುಬೂ ನಿಮ್ಮನ್ನು ಕಾಪಾಡುತ್ತವೆ.

‘ಏಳು ದಿನದಲ್ಲಿ ರಷ್ಯನ್’ ಎಂದು ವಿಡಿಯೊ ಮಾಡುವ ಪಂಡಿತರು ಮೊದಲ ಪಾಠದಲ್ಲೇ ‘ಪ್ರಿವ್ಯೆತ್’ ಎನ್ನಲು ಕಲಿಸುತ್ತಾರೆ. ಅದು ಗೆಳೆಯರಿಗೆ ಹೇಳುವ ಮಾತು. ವಲಸೆ ಅಧಿಕಾರಿಗೆ ಅದನ್ನು ಹೇಳುವುದು ತಹಶೀಲ್ದಾರರಿಗೆ ‘ಏನೋ ಮಾರಾಯ’ ಎಂದಂತೆ. ಅಪರಿಚಿತರಿಗೆ ‘ಜ್ದ್ರಾಸ್ತ್ವುಯ್ತ್ಯೆ’ ಎನ್ನಬೇಕು. ನಾಲಿಗೆ ತೊಡರಿದರೂ ಅಡ್ಡಿಯಿಲ್ಲ. ನೀನು, ನೀವುಗಳ ಭೇದ ಅಲ್ಲೂ ನಮ್ಮಲ್ಲಿರುವಂತೆಯೇ ಇದೆ. ಇಂಗ್ಲಿಷರಿಗೆ ಅದು ತಿಳಿಯದಿದ್ದರೆ ಕ್ಷಮಿಸಬಹುದು, ನಮಗೆ ಆ ನೆಪವಿಲ್ಲ. ಹಿರಿಯರನ್ನು ಬರಿಯ ಹೆಸರಿನಿಂದ ಕರೆಯದೆ ತಂದೆಯ ಹೆಸರನ್ನೂ ಸೇರಿಸಿ ಕರೆಯುತ್ತಾರೆ: ಇವಾನನ ಮಗಳಾದ ಆನ್ನಾ ‘ಆನ್ನಾ ಇವಾನವ್ನ’ ಆಗುತ್ತಾರೆ.

ಪ್ರಶ್ನೆ: ಸಾವಿರಾರು ವರ್ಷಗಳಷ್ಟು ಪುರಾತನವಾದ ಮಾತ್ರ್ಯೋಷ್ಕಾ ಗೊಂಬೆಯ ಅಸಲಿ ಮಾದರಿ ಎಲ್ಲಿ ಸಿಗುತ್ತದೆ? ಒಂದು ಹಳೆಯ ಐಕಾನ್ (ಸಂತರ ಚಿತ್ರಪಟ) ಅಥವಾ ಚಹಾಕ್ಕೆ ನೀರು ಕಾಯಿಸುವ ಸಮೋವಾರನ್ನೂ ತರುವ ಆಸೆಯಿದೆ.

ಉತ್ತರ: ಒಂದರೊಳಗೊಂದು ಕೂರುವ ಆ ಗೊಂಬೆ ಹುಟ್ಟಿದ್ದು 1890ರ ದಶಕದಲ್ಲಿ. ವಸೀಲಿ ಜ್ವ್ಯೋಜ್ದಚ್ಕಿನ್ ಕಡೆದ ಗೊಂಬೆಗೆ ಸೆರ್ಗೇಯ್ ಮಲ್ಯೂತಿನ್ ಬಣ್ಣ ಹಾಕಿದರು, 1900ರ ಪ್ಯಾರಿಸ್ ವಸ್ತುಪ್ರದರ್ಶನದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಅದು ಪುರಾತನ ಮಾತೃದೇವತೆಯ ರೂಪ ಎಂಬ ಕಥೆ ಅಂಗಡಿಯವರದು. ಕೊಳ್ಳುವಾಗ ಹೊರಗಿನ ದೊಡ್ಡ ಗೊಂಬೆಯ ಅಂದಕ್ಕೆ ಮರುಳಾಗದೆ, ತೆರೆಯಲಾಗದ ಕಟ್ಟಕಡೆಯ ಪುಟ್ಟ ಗೊಂಬೆಯ ಮುಖವನ್ನು ನೋಡಿ: ಕುಶಲಕರ್ಮಿ ಅಲ್ಲೂ ಕಣ್ಣು, ಬಾಯಿಗಳನ್ನು ಬರೆದಿರುತ್ತಾನೆ, ಅವಸರದವನು ಎರಡು ಚುಕ್ಕೆ ಇಟ್ಟಿರುತ್ತಾನೆ. ಖಖ್ಲಮಾ ಎಂಬ ಚಿತ್ತಾರದ ಮರದ ಬಟ್ಟಲುಗಳಿಗೆ ಚಿನ್ನದ ಲೇಪವಿದೆ ಎನ್ನುವವರಿಂದ ಏನನ್ನೂ ಕೊಳ್ಳಬೇಡಿ. ತವರ ಅಥವಾ ಅಲ್ಯೂಮಿನಿಯಂ ಪುಡಿಯ ಮೇಲೆ ವಾರ್ನಿಷ್ ಬಳಿದು ಒಲೆಯಲ್ಲಿ ಕಾಯಿಸಿದಾಗ ಆ ಹೊನ್ನಿನ ಬಣ್ಣ ಬರುತ್ತದೆ.

ಹಳೆಯ ಐಕಾನ್ ಮತ್ತು ಸಮೋವಾರಿನ ಆಸೆಯನ್ನು ಬಿಡಿ. ಹಳೆಯ ಕಲಾವಸ್ತುಗಳನ್ನು ದೇಶದಾಚೆ ಒಯ್ಯಲು ಪರಿಣತರ ಪರೀಕ್ಷೆ, ಸರಕಾರದ ಕಾಗದಪತ್ರ ಬೇಕಾಗುತ್ತವೆ, ಮತ್ತು ಸಂತೆಯ ವ್ಯಾಪಾರಿ ಬರೆದುಕೊಡುವ ಚೀಟಿ ಅಂಥ ಪತ್ರವಲ್ಲ. ಆ ಚೀಟಿಯನ್ನು ನಂಬಿದ ಪರಿಚಿತರೊಬ್ಬರು ಐಕಾನನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು, ವಿಮಾನವನ್ನೂ ತಪ್ಪಿಸಿಕೊಂಡರು. ಅಂದಿನಿಂದ ನಾನು ಈ ವಿಷಯದಲ್ಲಿ ಅಗತ್ಯಕ್ಕಿಂತ ಹೆಚ್ಚೇ ಅಂಜುತ್ತೇನೆ. ಸೋವಿಯತ್ ಕಾಲದ ಸರಕಾರಿ ಪದಕಗಳ ಕೊಳ್ಳುವಿಕೆಯಂತೂ ಅಲ್ಲಿ ಅಪರಾಧ.

ಪ್ರಶ್ನೆ: ಕುಡಿಯುವ ಮುಂಚೆ ಶುಭ ಕೋರಿ ಲೋಟ ಎತ್ತುವಾಗ ‘ನಾ ಜ್ದರೋವ್ಯೆ’ ಎನ್ನಬೇಕಲ್ಲವೇ?

ಉತ್ತರ: ಅದು ಉಂಡವರು ಧನ್ಯವಾದ ಹೇಳಿದಾಗ ಬಡಿಸಿದವರು ಕೊಡುವ ಉತ್ತರ, ಲೋಟ ಎತ್ತುವಾಗ ‘ಜಾ ವಾಶೆ ಜ್ದರೋವ್ಯೆ’ ಎನ್ನಿ.

ಪ್ರಶ್ನೆ: ಹೂಗಳನ್ನು ಎಣಿಸಿ ಕೊಡಬೇಕೆಂಬುದು ನಿಜವೇ?

ಉತ್ತರ: ನಿಜ, ಸಮಸಂಖ್ಯೆ ಸಾವಿನ ಮನೆಗೆ ಮಾತ್ರ, ಮುಯ್ಯಿಗೆ 101 ರೂಪಾಯಿ ಹಾಕುವ ನಮಗೆ ಇದನ್ನು ವಿವರಿಸಬೇಕೇ?

ಪ್ರಶ್ನೆ: ನಮ್ಮ ಬ್ಯಾಂಕಿನ ವೀಸಾ ಕಾರ್ಡ್ ನಡೆಯುತ್ತದೆಯೇ?

ಉತ್ತರ: 2022ರ ಮಾರ್ಚ್‌ನಿಂದ ನಡೆಯುವುದಿಲ್ಲ, ಮಾಸ್ಟರ್‌ಕಾರ್ಡ್ ಕೂಡ ಇಲ್ಲ, ನಗದು ಒಯ್ಯಿರಿ.

ಪ್ರಶ್ನೆ: ರಾಜ್ ಕಪೂರ್ ಹೆಸರು ಹೇಳಿದರೆ ರಿಯಾಯಿತಿ ಸಿಗುತ್ತದಂತೆ?

ಉತ್ತರ: ವಯಸ್ಸಾದವರಿಂದ ಒಂದು ನಗು ಸಿಕ್ಕೀತು.

ಪ್ರಶ್ನೆ: ಅಲ್ಲಿ ಪ್ರಯಾಣಕ್ಕೆ ಹೊರಡುವ ಮುಂಚೆ ಮನೆಯವರೆಲ್ಲ ಸುಮ್ಮನೆ ಕುಳಿತುಬಿಡುತ್ತಾರೆ. ಆಗ ನಾವೇನು ಮಾಡಬೇಕು?

ಉತ್ತರ: ನೀವೂ ಕುಳಿತುಕೊಳ್ಳಿ, ಮತ್ತು ಆ ಒಂದು ನಿಮಿಷದಲ್ಲಿ ಪಾಸ್‌ಪೋರ್ಟ್ ಎಲ್ಲಿದೆಯೆಂದು ನೋಡಿಕೊಳ್ಳಿ.